ನಾಲ್ಕನೆಯ ಪೆಟ್ಟು

ನವೆಂಬರ್ 3, ಭಾನುವಾರ
ತೀರಿಕೊಂಡ ಗೆಳೆಯ, ಪಿಯಾನೋದ ಓರಿನ್‌ನ ಇನ್ನೂ ಎರಡು ರೆಕಾರ್ಡಿಂಗ್ ಕೇಳಿದೆ. ಅವನ ನೆನಪಿನ ಸಭೆ ಇಪ್ಪತ್ಮೂರಕ್ಕೆ, ಶಿಕಾಗೋದಲ್ಲಿ. ಮೂರು ಆರಿಸಿಕೊಡಬೇಕು. ಒಂದಂತೂ ಖಚಿತ — ‘ವಾಣೀಸ್ ಹ್ಯಾಂಡ್ಸ್’, 2009ರದ್ದು. ನಮ್ಮ ಅಡುಗೆಮನೆಯಲ್ಲೇ ಹುಟ್ಟಿದ್ದು. ನನ್ನವಳು, ವಾಣಿಶ್ರೀ, ಎರಡೂ ಕೈಯಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಬಂದ ಓರಿನ್ ತಟ್ಟೆ ಸರಿಸಿ ಮೇಜಿನ ಮೇಲೆ ಅದೇ ತಾಳ ಹಾಕಿದ. ನಾಲ್ಕು ಪೆಟ್ಟು, ರೊಟ್ಟಿಗೆ ಒಂದು ತಿರುವು. ನಮ್ಮೂರಲ್ಲಿ ರೊಟ್ಟಿ ಸಪ್ಪಳ ಕೇಳಿಯೇ ಯಾರ ಮನೆ ಸೊಸೆ ಎಂದು ಹೇಳುತ್ತಿದ್ದರು. ಆ ಸಪ್ಪಳಕ್ಕೆ ಡೆಟ್ರಾಯ್ಟಿನ ಕ್ಲಬ್ಬಿನಲ್ಲಿ ಚಪ್ಪಾಳೆ ಕೇಳಿದ ಗಂಡ ನಾನೊಬ್ಬನೇ ಇರಬೇಕು.

ನವೆಂಬರ್ 5
ಅದೇ ರಚನೆ, 2016ರದ್ದು. ನಾಲ್ಕನೆಯ ಪೆಟ್ಟು, ಎಡಗೈಯದು, ಕೂದಲೆಳೆಯಷ್ಟು ತಡ. ಆಗ ಎಲ್ಲರೂ ಹೊಗಳಿದರು. ನಾನೂ. ಮೂವತ್ತು ವರ್ಷ ವಾರೆನ್‌ನ ಕಾರ್ಖಾನೆಯಲ್ಲಿ ಕಾರಿನ ಸದ್ದು ಕೇಳಿ ಕಾಯಿಲೆ ಹೇಳಿದವನು!
“ಆ ಕುಂಟು ನಡೆ ಬಹಳ ಚೆಂದ” ಎಂದಿದ್ದೆ.
“ಅದನ್ನ ನಾನು ಮಾಡ್ತಿಲ್ಲ, ಗದಿ” ಎಂದು ನಕ್ಕಿದ್ದ ಓರಿನ್; ನನ್ನ ಹೆಸರನ್ನು ಹಾಗೆ ಮೊಟಕು ಮಾಡಿದ್ದ.
ವಿನಯ ಅಂದುಕೊಂಡೆ. ಎರಡೇ ವರ್ಷಕ್ಕೆ ಅವನಿಗೆ ಚಮಚ ಹಿಡಿಯಲಾಗಲಿಲ್ಲ. ನರಗಳ ಕಾಯಿಲೆ...

ನವೆಂಬರ್ 6, ಬೆಳಿಗ್ಗೆ
ಹೆಡ್‌ಫೋನ್ ತೆಗೆದಿಟ್ಟೆ. ತಾಳ ನಿಲ್ಲಲಿಲ್ಲ. ಅಡುಗೆಮನೆಯಿಂದ ಬರುತ್ತಿತ್ತು.
2009ರದ್ದಲ್ಲ. ನಾಲ್ಕನೆಯದು ತಡ. 2016ರದ್ದು.

ನವೆಂಬರ್ 7
ಒಲೆಯ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡಿದೆ.
“ಏನ್ರೀ, ಕಾರು ಮುಗದು ಈಗ ರೊಟ್ಟಿ ಟೆಸ್ಟಿಂಗೇನು?”
“ಹೊಸಾ ತಾಳ ಛಲೋ ಐತಿ.”
“ಯಾವ ತಾಳ? ನಾ ಏನೂ ಮಾಡಾಕತ್ತಿಲ್ರೀ. ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಹರ್ಯಾಕತ್ತೈತಿ.”
ನಕ್ಕೆ. ಓರಿನ್ ಅಂದದ್ದೂ ಇದೇ ಮಾತು.

ನವೆಂಬರ್ 10
ನೋವೈ ಊರಿನ ಅಂಗಡಿವರೆಗೆ ಡ್ರೈವ್ ಮಾಡಿ ಬೇರೆ ಹಿಟ್ಟು ತಂದೆ. ಮೂವತ್ತು ಮೈಲಿ.

ನವೆಂಬರ್ 11
ದೋಷ ಹಿಟ್ಟಿನದಲ್ಲ.

ನವೆಂಬರ್ 19
ಒಂದು ವಾರ ಬರೆಯಲಿಲ್ಲ. ಅವಳಿಗೆ ಹೇಳಲೂ ಇಲ್ಲ. ನಿನ್ನೆ ಸೀರೆಯ ಪಿನ್ ಅವಳ ಎಡಗೈಯಿಂದ ಜಾರಿತು. ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು. ಓರಿನ್‌ಗೆ ಚೆಂದ ಎಂದ ಬಾಯಿ ಇದು. ಈ ಸಲ...
ನಾಳೆ ಹೇಳುತ್ತೇನೆ.

ನವೆಂಬರ್ 20, ಬೆಳಿಗ್ಗೆ 8
ಓರಿನ್‌ನ ಎರಡೂ ರೆಕಾರ್ಡಿಂಗ್ ಕೇಳಿಸಿದೆ. ಆಮೇಲೆ ಫೋನಿನದು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.
“ಡಾಕ್ಟರ್ ಹತ್ರ ಯಾವಾಗ ಹೋಗೂದು?”
“ಇವತ್ತ ಹತ್ತಕ್ಕ, ಟ್ರಾಯ್‌ನ್ಯಾಗ. ನಿನ್ನೆನ ಟೈಮ್ ತಗೊಂಡೀನಿ.”
“ಹಂಗಾರ ಅಷ್ಟರಾಗ ಎರಡು ರೊಟ್ಟಿ ಆಗ್ತಾವು. ನೀವು ಎಣಸ್ರಿ. ಸುಳ್ಳು ಹೇಳಬ್ಯಾಡ್ರಿ.”
ಹಿಟ್ಟು ನಾದಿದಳು. ನಾನು ಇಲ್ಲೇ ಮೇಜಿನ ಬಳಿ, ಪೆನ್ನು ಹಿಡಿದು. ಶುರುಮಾಡಿದಳು.
ಒಂದು. ಎರಡು. ಮೂರು —