ಉಳಿಸಿದ್ದನ್ನು ಎಲ್ಲಿಟ್ಟಿರಿ?

ಬಸರಿಗಲ್ಲು, ಇಸವಿ ೨೨೧೪, ಏಳನೆಯ ತಿಂಗಳ ಮೂವತ್ತಮೂರನೆಯ ದಿನ, ಬೆಳಗಿನ ಎರಡನೆಯ ಊಟದ ಹೊತ್ತು.

ನಮ್ಮೂರ ಶಾಲೆಯ ಕೋಣೆಯಲ್ಲಿ ಆರೋಗ್ಯ ಸುಧಾರಣೆಯ ಮೇಲೆ ಜಗಳವಾಡುತ್ತ ಕುಳಿತಿರುವ ಇಪ್ಪತ್ತೆರಡು ಮಂದಿ ಹಿರಿಯರಿಗೆ, ದ್ಯಾಮಣ್ಣ ಕವಲೂರನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲೀಗ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಬಿಡಾಡಿ ದನಗಳ ಹಾಗೆ ಅಡ್ಡಾಡುತ್ತವೆ. ಹಳೆಯ ಎರಡು ತಿಂಗಳನ್ನು ಯಾವುದೋ ಸರಕಾರ ಉಳಿತಾಯ ಮಾಡಿತಂತೆ. ಅವನ್ನು ಎಲ್ಲಿಟ್ಟರೋ ಯಾರಿಗೂ ಗೊತ್ತಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಸಹಿಸಿಕೊಳ್ಳಿ. ನಿಮ್ಮ ಸಭೆಯ ಕಡತ ಓದುವಾಗ ನಾನೂ ಸಹಿಸಿಕೊಂಡಿದ್ದೇನೆ. ನನಗೀಗ ಅರವತ್ತೆಂಟು. ವಯಸ್ಸಿನಲ್ಲಿ ನಿಮ್ಮಲ್ಲಿ ಬಹಳ ಜನರಿಗಿಂತ ನಾನೇ ದೊಡ್ಡವ, ಹುಟ್ಟಿನಲ್ಲಿ ನೀವು ದೊಡ್ಡವರು. ಯಾರು ಯಾರ ಕಾಲಿಗೆ ಬೀಳಬೇಕೆಂಬುದು ಬಗೆಹರಿಯದ್ದರಿಂದ ‘ನೀವು’ ಎಂದೇ ಬರೆಯುತ್ತೇನೆ.

ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಂದು ಹಲಗೆ ಕೊಡುತ್ತಾರೆ. ಅದರ ಮೇಲೆ ಬರೆದ ಸಾಲು ಮುಗಿದೊಡನೆ ಇಲ್ಲಿ ಅಳಿಸಿಹೋಗಿ ನಿಮ್ಮ ಎದುರಿನ ಹಾಳೆಯಲ್ಲಿ ಮೂಡುತ್ತದೆ. ನೀವು ಓದಿದಿರೆಂದರೆ ಹಲಗೆಯ ಮೂಲೆಯಲ್ಲಿ ಹಸಿರು ಚುಕ್ಕೆ ಹೊತ್ತುತ್ತದೆ. ಇದೆಲ್ಲ ಹೇಗೆ ನಡೆಯುತ್ತದೆಂದು ಅಂಚೆಯ ಹುಡುಗಿ ವಿವರಿಸಿದಳು, ನಾನು ತಲೆ ಅಲ್ಲಾಡಿಸಿದೆ. ಮುಂದಿನ ಕಾಲಕ್ಕೆ ಮಾತ್ರ ಅಂಚೆಯಿಲ್ಲ. ಮುಂದಕ್ಕೆ ಏನಾದರೂ ಕಳಿಸಬೇಕೆಂದರೆ ಒಂದು ಕಡೆ ಇಟ್ಟು ಕಾಯಬೇಕು. ಹಿಂದಂಚೆ ಒಬ್ಬನಿಗೆ ಬದುಕಿನಲ್ಲಿ ಒಂದೇ ಸಲ ಸಿಗುತ್ತದೆ. ಉಳಿದವರು ಅದನ್ನು ‘ಆ ಹೊಲ ಮಾರಬೇಡ’ ಎಂದು ಮುತ್ತಜ್ಜನಿಗೆ ಬರೆಯಲು ಬಳಸುತ್ತಾರೆ. ನಾನು ಊರ ಕೆಲಸಕ್ಕೆ ಬಳಸುತ್ತಿದ್ದೇನೆ. ನನ್ನ ದೊಡ್ಡತನವನ್ನು ನಾನೇ ಹೇಳಿಕೊಳ್ಳುವುದು ಸರಿಯಲ್ಲ, ನೀವೇ ಅಂದಾಜು ಮಾಡಿ.

ನಾನು ಓದಿದವನು. ನೀವು ಕುಳಿತಿರುವ ಅದೇ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ನನ್ನಂಥ ವಿದ್ಯಾರ್ಥಿಯನ್ನು ಕಂಡಿಲ್ಲವೆಂದು ಮಾಸ್ತರರು ಎರಡು ಸಲ ಹೇಳಿದ್ದರು. ಹಾಗಾಗಿಯೇ ಊರ ಪಂಚಾಯಿತಿಯ ಹನ್ನೊಂದು ಮಂದಿಯಲ್ಲಿ ನಾನೊಬ್ಬ. ಐವರು ಕೊಡೆ ಪಕ್ಷದವರು, ಐವರು ಜರಡಿ ಪಕ್ಷದವರು, ನಾನು ಯಾರವನೂ ಅಲ್ಲ. ಎರಡೂ ಪಕ್ಷದವರು ನನ್ನನ್ನು ಕರೆಯಲಿಲ್ಲವೆಂದು ಕೆಲವರು ಹೇಳುತ್ತಾರೆ. ಅದಕ್ಕೆ ಬೇರೆ ಕಾರಣಗಳಿವೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮೂರಲ್ಲಿ ಒಂದು ತೊಳೆಗುರ್ಚಿ ಇದೆ. ಮೂತ್ರಪಿಂಡ ಕೈಕೊಟ್ಟವರು ಅದರಲ್ಲಿ ಕುಳಿತರೆ ಅದು ಅವರ ನೆತ್ತರನ್ನು ತೊಳೆದು ಕೊಡುತ್ತದೆ. ನಿಮ್ಮ ಕಡತದಲ್ಲಿ ಇದಕ್ಕೆ ಡಯಾಲಿಸಿಸ್ ಎಂದು ಬರೆದಿದೆ. ದಾದಿ ಹಸೀನಾಬಾಯಿಯ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ ಅದರ ಜಾಗ. ನನ್ನ ಅಕ್ಕ ಸೋಮವ್ವನಿಗೆ ಎಪ್ಪತ್ತನಾಲ್ಕು ವರ್ಷ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಅದರಲ್ಲಿ ಕೂರುತ್ತಾಳೆ. ಓಣಿಯ ಹೆಂಗಸರು ಹುಣಸೆಹಣ್ಣು ತಂದು ಸುತ್ತ ಕುಳಿತು ಬೀಜ ಬಿಡಿಸುತ್ತಾರೆ. ಅಕ್ಕನ ಒಂದು ಕೈಗೆ ನಳಿಗೆ, ಇನ್ನೊಂದು ಕೈಯಲ್ಲಿ ಹುಣಸೆ. ಊರ ಸುದ್ದಿಯೆಲ್ಲ ಹುಟ್ಟುವುದು ಅಲ್ಲೇ, ನನ್ನ ಮೇಲಿನ ಚಾಡಿಯೂ ಸಹ.

ಹೊಸ ಸುಧಾರಣೆಯ ಪ್ರಕಾರ ಹಳ್ಳಿಗಳ ತೊಳೆಗುರ್ಚಿಗಳನ್ನೆಲ್ಲ ಎತ್ತಿ, ನಲವತ್ತು ಮೈಲಿ ದೂರದ ಕೋಟೆಹಾಳದ ಒಂದೇ ದೊಡ್ಡ ಚಾವಡಿಯಲ್ಲಿ ಸಾಲಾಗಿ ಇಡಬೇಕು. ಅದರಿಂದ ವರ್ಷಕ್ಕೆ ಮೂರು ಸಾವಿರ ಆರೈಕೆದಿನಗಳು ಉಳಿಯುತ್ತವಂತೆ. ಒಬ್ಬ ದಾದಿ ರೋಗಿಗಳ ಹತ್ತಿರ ಕಳೆಯುವ ಒಂದು ದಿನಕ್ಕೆ ಆರೈಕೆದಿನ ಎನ್ನುತ್ತಾರೆ. ಉಳಿದ ದಿನಗಳು ಗುಡ್ಡದ ಮೇಲಿನ ಮೂರು ತಾಂಡಾಗಳಿಗೆ ಹೋಗುತ್ತವೆ. ಅಲ್ಲಿ ಒಬ್ಬ ದಾದಿಯೂ ಇಲ್ಲ. ಇದು ಕೊಡೆ ಪಕ್ಷದ ವಾದ. ಜರಡಿ ಪಕ್ಷದವರು ಕುರ್ಚಿ ಇಲ್ಲೇ ಇರಲಿ ಎನ್ನುವವರು.

ನಮ್ಮಲ್ಲಿ ಎದುರುಬಾಯಿ ಎಂಬ ಪದ್ಧತಿಯಿದೆ. ಮತ ಹಾಕುವ ಮುಂಚೆ ಒಂದು ಪಕ್ಷ ಇನ್ನೊಂದು ಪಕ್ಷದ ವಾದವನ್ನು, ಆ ಪಕ್ಷದವರು ಹೌದೆನ್ನುವಷ್ಟು ಚೆನ್ನಾಗಿ ಆಡಿ ತೋರಿಸಬೇಕು. ಜಗಳ ಕಡಿಮೆಯಾಗಲೆಂದು ಹಿಂದಿನವರು ಮಾಡಿದ್ದು. ಮೊದಲು ಕೊಡೆಯ ಮುಖಂಡ ಫಕೀರಪ್ಪ ಎದ್ದುನಿಂತು ಕುರ್ಚಿಯ ಪರವಾಗಿ ಮಾತಾಡಿದ. “ನೆತ್ತರ ತೊಳಸ್ಕೊಂಡ ಮುದುಕಿ ನಲವತ್ತು ಮೈಲಿ ಬಂಡ್ಯಾಗ ಕುಂತು ಬರಬೇಕಂದ್ರ ಅಕಿ ಗತಿ ಏನ್ರೀ?” ಎಂದು ಹೇಳುತ್ತ ಹೇಳುತ್ತ ಅತ್ತೇಬಿಟ್ಟ. ಆಮೇಲೆ ಜರಡಿಯ ಬಸಲಿಂಗವ್ವ ತಾಂಡಾಗಳ ಪರವಾಗಿ ನಿಂತಳು. “ಅಲ್ಲಿ ಬಾಣಂತಿಗೆ ನೀರು ಹಾಕಾಕ ಒಬ್ಬಾಕಿ ಇಲ್ಲ. ನಾವಿಲ್ಲಿ ಕುರ್ಚಿ ತಬ್ಕೊಂಡು ಕುಂತೀವಿ. ನಾಚಿಕಿ ಬರೂದಿಲ್ಲೇನು ನಮಗ?” ಅವಳ ಮಾತಿಗೆ ಅವಳೇ ಬೆವತಳು. ಸಭೆ ಮುಗಿಯುವಷ್ಟರಲ್ಲಿ ಕೊಡೆಯ ಐವರೂ ಕುರ್ಚಿ ಇರಲಿ ಎನ್ನುತ್ತಿದ್ದರು, ಜರಡಿಯ ಐವರೂ ಎತ್ತೋಣ ಎನ್ನುತ್ತಿದ್ದರು.

“ನನ್ನ ಮಾತು ಕದ್ದೀಯಲ್ಲೋ ಫಕೀರಪ್ಪ.”

“ನೀ ನಂದು ಕದ್ದಿ, ಬಸಲಿಂಗವ್ವ. ಸರಿಹೋತು ಬಿಡು.”

ಹೀಗಾಗಿ ಮತ್ತೆ ಐದಕ್ಕೆ ಐದು. ನನ್ನ ಒಂದು ಕೈ ಯಾವ ಕಡೆ ಏಳುತ್ತದೋ ಅದೇ ತೀರ್ಮಾನ. ಒಂದು ವಿಶೇಷ ನೋಡಿ, ಪಕ್ಷಗಳು ಅದಲುಬದಲಾದರೂ ಮೂರು ಸಾವಿರ ಮಾತ್ರ ಬದಲಾಗಲಿಲ್ಲ. ಹೋದ ವಾರ ಫಕೀರಪ್ಪನ ಬಾಯಲ್ಲಿದ್ದದ್ದು ಈ ವಾರ ಬಸಲಿಂಗವ್ವನ ಬಾಯಲ್ಲಿತ್ತು. ಆ ದಿನಗಳು ಎಲ್ಲಿಗೆ ಬಂದು ಇಳಿಯುತ್ತವೆಂದು ನಾನು ಅವಳನ್ನು ಕೇಳಿದೆ.

“ಕೋಟೆಹಾಳದಾಗ ಕೂಡ್ತಾವ, ಕಾಕಾ.”

“ಆಮ್ಯಾಲೆ?”

“ಆಮ್ಯಾಲೆ ತಾಂಡಾಕ್ಕ ಬರ್ತಾವ.”

“ಯಾವಾಗ?”

“ಹತ್ತು ವರ್ಷ ತಡೀಬೇಕ.”

ಅಕ್ಕ ಹತ್ತು ವರ್ಷ ತಡೆಯುವವಳಲ್ಲ. ಹೋದ ವರ್ಷ ನಮ್ಮ ಕುರ್ಚಿ ಕೆಟ್ಟಾಗ ಒಂದು ತಿಂಗಳು ಕೋಟೆಹಾಳಕ್ಕೆ ಕರೆದೊಯ್ದಿದ್ದೆ. ತೇಲುಬಂಡಿ ನೆಲದಿಂದ ಗೇಣು ಮೇಲೆ ಹೋಗುವ ಬಂಡಿ, ಕುಲುಕುವುದಿಲ್ಲವೆಂದು ಹೆಸರು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ತಿಂಗಳ ಕೊನೆಗೆ ಮೂರು ಸಲದಲ್ಲಿ ಒಂದು ಸಲ ಹೋಗುವುದನ್ನೇ ತಪ್ಪಿಸಿ ‘ಮರೆತೆ’ ಎನ್ನಲು ಶುರುಮಾಡಿದಳು. ನಮ್ಮಕ್ಕ ಏನನ್ನೂ ಮರೆಯುವವಳಲ್ಲ. ನಾನು ಆರು ವರ್ಷದವನಿದ್ದಾಗ ಅವಳ ಬೆಲ್ಲ ತಿಂದದ್ದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ. ಇನ್ನೊಂದು ತಿಂಗಳು ಹಾಗೇ ನಡೆದಿದ್ದರೆ ಅವಳು ಇರುತ್ತಿರಲಿಲ್ಲ ಎಂದು ಹಸೀನಾಬಾಯಿ ನನ್ನನ್ನು ಹೊರಗೆ ಕರೆದು ಹೇಳಿದಳು.

ಹಾಗಿದ್ದರೆ ಸುಮ್ಮನೆ ಅಕ್ಕನ ಕಡೆ ಕೈ ಎತ್ತಬಾರದೇ ಎನ್ನುತ್ತೀರಿ. ಎತ್ತಲು ಅವಳೇ ಬಿಡಲಿಲ್ಲ. “ತಮ್ಮಾ, ನನ್ನ ಮುಖ ನೋಡಿ ಕೈ ಎತ್ತಬ್ಯಾಡ. ಗುಡ್ಡದ ಮ್ಯಾಲಿನವರೂ ಮನಿಶ್ಯಾರ. ತಿಳದು ಎತ್ತು. ಹುಟ್ಟಿದಾಗಿಂದ ಎಲ್ಲಾ ನನಗ ತಿಳೀತೈತಿ ಅಂದಾಂವ ನೀನು, ಒಮ್ಮ್ಯಾರ ತಿಳಕೊ.” ಅವಳ ಕೈ ಮುಟ್ಟಿ ಆಗಲಿ ಎಂದೆ. ಅಂದಿನಿಂದ ಎಂಟು ದಿನವಾಯಿತು, ತಿಳಿದುಕೊಳ್ಳುತ್ತಲೇ ಇದ್ದೇನೆ. ಬೆಳಿಗ್ಗೆ ಒಬ್ಬರದು ಸರಿ ಕಾಣುತ್ತದೆ, ಮಧ್ಯಾಹ್ನ ಇನ್ನೊಬ್ಬರದು. ನಡುವೆ ಇಬ್ಬರೂ ಬಂದು ಮಾತಾಡಿದರೆ ನಾನು ಯಾವ ಊರವನೆಂಬುದೂ ಮರೆಯುತ್ತದೆ.

ಆಗ ಶಾಲೆಯ ಅಟ್ಟದಲ್ಲಿ ನಿಮ್ಮ ಕಡತ ಸಿಕ್ಕಿತು. ನಿಮ್ಮ ಕಾಲದ ಸುಧಾರಣೆ, ನಿಮ್ಮ ಎರಡು ಪಕ್ಷ, ನಿಮ್ಮ ಬೈಗುಳ. ನಮ್ಮ ಯೋಜನೆಯಿಂದ ಇಷ್ಟು ಉಳಿತಾಯ ಎಂದು ಒಬ್ಬರು. ಅದೆಲ್ಲ ಸುಳ್ಳು, ನಮ್ಮದರಿಂದ ಅದರ ಎರಡರಷ್ಟು ಎಂದು ಇನ್ನೊಬ್ಬರು. ‘ಉಳಿತಾಯ’ ನೂರ ನಲವತ್ತೊಂದು ಸಲ ಬಂದಿದೆ, ‘ರೋಗಿ’ ಒಂಬತ್ತು ಸಲ. ಇಪ್ಪತ್ತೆರಡು ಮಂದಿಯೂ ಒಪ್ಪಿ ಸಹಿ ಹಾಕಿದ್ದು ಕೊನೆಯ ಒಂದೇ ಸಾಲಿಗೆ: ‘ಇದರಿಂದ ಉಳಿಯುವುದೆಲ್ಲವೂ ನಮ್ಮ ಮುಂದಿನ ಪೀಳಿಗೆಗೆ ಸಲ್ಲತಕ್ಕದ್ದು.’

ಮುಂದಿನ ಪೀಳಿಗೆ ಎಂದರೆ ನಾವೇ. ಬಂದಿದ್ದೇವೆ. ಎಲ್ಲಿಟ್ಟಿದ್ದೀರಿ? ಪಂಚಾಯಿತಿಯ ಕಪಾಟು, ದವಾಖಾನೆಯ ನೆಲಮಾಳಿಗೆ, ಕೋಟೆಹಾಳದ ಕಚೇರಿ, ಎಲ್ಲ ಕಡೆ ಕೇಳಿದೆ. ನೀವು ಉಳಿಸಿದ್ದು ಒಬ್ಬ ದಾದಿಯ ರೂಪದಲ್ಲೋ, ಒಂದು ಔಷಧಿಯ ರೂಪದಲ್ಲೋ ನಮ್ಮವರೆಗೆ ಬಂದಿದೆಯೆಂದು ಗೊತ್ತಾದರೆ ಸಾಕು, ಈ ಮೂರು ಸಾವಿರವನ್ನೂ ನಂಬಿ ಕುರ್ಚಿ ಎತ್ತಲು ಕೈ ಎತ್ತುತ್ತೇನೆ. ಅಕ್ಕನಿಗೆ ನಾನೇ ಹೇಳುತ್ತೇನೆ.

ಉತ್ತರ ಇಡುವ ಜಾಗ ಹೇಳುತ್ತೇನೆ. ನೀವು ಕುಳಿತ ಕೋಣೆಯ ಹೊಸ್ತಿಲಿನ ಎಡಕ್ಕೆ, ಕಲ್ಲಿನ ಅಡಿಯಲ್ಲಿ ಒಂದು ಗೂಡು ಇದೆ. ಉಳಿಸಿದ್ದನ್ನು ಎಲ್ಲಿಟ್ಟಿರಿ, ಹೇಗೆ ಎಣಿಸಿದಿರಿ ಎಂದು ಬರೆದು ತಗಡಿನ ಡಬ್ಬಿಯಲ್ಲಿ ಹಾಕಿ ಒಳಕ್ಕೆ ತಳ್ಳಿ. ಮತ ಹಾಕುವ ಸಭೆ ಇವತ್ತೇ, ಅದಕ್ಕೆ ಇನ್ನೂ ಹೊತ್ತಿದೆ. ಈಗಲೇ ಹೋಗಿ ನೋಡಿ ಬರುತ್ತೇನೆ.

ಹೋಗಿ ಬಂದೆ.

ಕೈಯನ್ನು ಭುಜದವರೆಗೂ ತೂರಿಸಿದೆ. ಮಣ್ಣು, ಹಲ್ಲಿಯ ಮೊಟ್ಟೆಯ ಚಿಪ್ಪು, ಒಂದು ಬೆತ್ತ. ಬೆತ್ತ ಮಾಸ್ತರರದು, ಹತ್ತನೆಯ ವಯಸ್ಸಿನಲ್ಲಿ ಅದನ್ನು ಕದ್ದು ಅಲ್ಲಿ ಬಚ್ಚಿಟ್ಟವನು ನಾನೇ. ಹುಳ ಮುಟ್ಟಿಲ್ಲ, ಮುರಿದಿಲ್ಲ. ಅಂದರೆ ಆ ಗೂಡಿನಲ್ಲಿ ಇಟ್ಟದ್ದು ಇಟ್ಟ ಹಾಗೆ ಇರುತ್ತದೆ. ಹಲಗೆಯ ಮೂಲೆಯಲ್ಲಿ ಹಸಿರು ಚುಕ್ಕೆಯೂ ಹೊತ್ತಿದೆ. ಅಂದರೆ ನೀವು ಓದಿದ್ದೀರಿ. ಓದಿಯೂ ಏನೂ ಇಡಲಿಲ್ಲ. ನಾಳೆ ಇಡುತ್ತೀರಿ ಎನ್ನುವ ಹಾಗಿಲ್ಲ; ನಿಮ್ಮ ಯಾವ ನಾಳೆ ಇಟ್ಟಿದ್ದರೂ ಇವತ್ತು ನನ್ನ ಕೈಗೆ ಸಿಗಬೇಕಿತ್ತು. ಇದನ್ನು ಮೂರು ಸಲ ಯೋಚಿಸಿದೆ, ಮೂರು ಸಲವೂ ತಲೆ ತಿರುಗಿತು. ಕೊನೆಗೆ ಒಂದೇ ಉಳಿಯಿತು: ನಿಮಗೂ ಗೊತ್ತಿರಲಿಲ್ಲ.

ಬೈಯುತ್ತಿಲ್ಲ. ನಾನೂ ಅರವತ್ತೆಂಟು ವರ್ಷ ಗೊತ್ತಿಲ್ಲದ್ದನ್ನು ಗೊತ್ತೆನ್ನುವ ಕೆಲಸವನ್ನೇ ಮಾಡಿದವನು.

ಸಭೆಯಲ್ಲಿ ನಾನು ಹೇಳುವುದು ಇಷ್ಟು. ಮೊದಲು ಒಬ್ಬ ದಾದಿ ಗುಡ್ಡ ಹತ್ತಲಿ. ಅವಳು ತಾಂಡಾದಲ್ಲಿ ಕುಳಿತಿದ್ದಾಳೆಂದು ನಾನು ಕಣ್ಣಾರೆ ನೋಡಿ ಬಂದ ಮೇಲೆ ಕುರ್ಚಿಯ ಮಾತೆತ್ತಿ. ಅಲ್ಲಿಯವರೆಗೆ ಅದು ಕಿಟಕಿಯ ಪಕ್ಕ ಇರಲಿ. ಕಾರಣ ಕೇಳಿದರೆ ಕಡತವನ್ನೂ ಬೆತ್ತವನ್ನೂ ತೋರಿಸುತ್ತೇನೆ. ಫಕೀರಪ್ಪನೂ ಬಸಲಿಂಗವ್ವನೂ ಇದನ್ನು ಮೊದಲು ಹೇಳಿದ್ದು ತಾವೇ ಎನ್ನುತ್ತಾರೆ. ಎನ್ನಲಿ.

ಬೆತ್ತ ತೆಗೆದ ಜಾಗದಲ್ಲಿ ಒಂದು ಡಬ್ಬಿ ಇಟ್ಟು ಬಂದಿದ್ದೇನೆ, ಮುಂದೆ ಕೈ ಹಾಕುವವರಿಗೆ. ಒಳಗಿನ ಚೀಟಿಯಲ್ಲಿ ಹೀಗಿದೆ: ‘ಎಷ್ಟು ಉಳಿಯುತ್ತದೆಂದು ನನಗೆ ತಿಳಿಯಲಿಲ್ಲ. ತಿಳಿಯದೆಯೇ ಕೈ ಎತ್ತಿದೆ. ದ್ಯಾಮಣ್ಣ.’ ಬಂದು ಅಕ್ಕನಿಗೂ ಅದನ್ನು ಹೇಳಿದೆ. ಮೊದಲ ಸಾಲನ್ನು ಇನ್ನೊಮ್ಮೆ ಹೇಳು ಎಂದಳು.

ಅವಳು ಕುರ್ಚಿಯಲ್ಲಿ ಕೂರುವ ಹೊತ್ತಾಯಿತು. ಹುಣಸೆಹಣ್ಣಿನ ಬುಟ್ಟಿ ಹೊರುವವನು ನಾನೇ. ನೀವಿನ್ನು ನಿಮ್ಮ ಜಗಳ ಮುಂದುವರಿಸಿ. ಕೊನೆಯ ಸಾಲಿಗೆ ಸಹಿ ಹಾಕುವ ಮುಂಚೆ ಮಾತ್ರ ಒಮ್ಮೆ ಎದ್ದು ಹೊಸ್ತಿಲಿನ ಎಡಕ್ಕೆ ಬಗ್ಗಿ ನೋಡಿ. ಗೂಡು ಬಹಳ ಆಳವಿದೆ.

ನಿಮ್ಮ ಮುಂದಿನ ಪೀಳಿಗೆ,
ದ್ಯಾಮಣ್ಣ ಕವಲೂರ