ಕ್ಲಚ್ಚಿನ ಮೇಲಿನ ಮರದ ತುಂಡು

ಹ್ಯಾಮ್‌ಟ್ರ್ಯಾಮಕ್, ಮಿಶಿಗನ್
ಜುಲೈ ಕೊನೆಯ ವಾರ

ಪ್ರೀತಿಯ ಲೂಡಿ ಅಣ್ಣಾ,

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನೇರವಾಗಿ ಕೊನೆಯ ಹಾಳೆಗೆ ಹಾರುವವನು. ಅಪ್ಪನ ಕಾರು ಅಸಲಿಗಳ ಸಾಲಿನಲ್ಲಿ ನಿಲ್ಲುವುದಿಲ್ಲ. ಹಳೆ ಕಾರುಗಳ ಸಂಘದವರು ಒಪ್ಪಲಿಲ್ಲ. ಕಾಗದ ಮುದುರಿ ಎಸೆಯಬೇಡ, ಕಾಫಿ ಮಾಡಿಕೊಂಡು ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಟ್ಟದ್ದು ಯಾವಾಗ?

ಎದೆಯ ಆಪರೇಷನ್ ಆದಮೇಲೆ ನೀನು ಟೂಸಾನ್ ಬಿಟ್ಟು ಕದಲಿಲ್ಲ. ನಾನು ಕರೆದಾಗಲೆಲ್ಲ ಒಂದೊಂದು ನೆಪ. ಕೊನೆಗೆ ಈಸ್ಟರ್ ಹಬ್ಬದ ದಿನ ಫೋನಿನಲ್ಲಿ ನೀನೇ ಬಾಯಿಬಿಟ್ಟು ಹೇಳಿದೆ: "ಆಗಸ್ಟಲ್ಲಿ ವುಡ್‌ವರ್ಡ್ ರಸ್ತೆಯ ಕಾರು ಮೇಳದಲ್ಲಿ ಅಸಲಿ ಮಸಲ್ ಕಾರುಗಳ ಸಾಲಲ್ಲಿ ಅಪ್ಪನ ಕಾರು ನಿಲ್ಲಬೇಕು, ಮುಂದೆ ಅಪ್ಪನ ಹೆಸರಿನ ಹಲಗೆ ಇರಬೇಕು. ಆಗ ಬರ್ತೀನಿ. ಇಲ್ದಿದ್ರೆ ಸುಮ್ನೆ ಕರೀಬೇಡ." ನಿನ್ನ ಮೊಂಡುತನ ನನಗೆ ಹೊಸದಲ್ಲ. ಆದರೆ ಆ ದಿನ ನಿನ್ನ ದನಿಯಲ್ಲಿ ಉಸಿರು ಕಡಿಮೆಯಿತ್ತು, ನನಗೆ ಹೆದರಿಕೆಯಾಯಿತು. ನಿನ್ನ ಮುಖ ನೋಡಬೇಕೆಂಬ ಒಂದೇ ಆಸೆಯಿಂದ ಕಾರನ್ನು ತಿಕ್ಕಿ ತೊಳೆದು ಸಂಘದ ಪರೀಕ್ಷೆಗೆ ಒಯ್ದೆ.

ಪರೀಕ್ಷೆ ಮಾಡಿದವನು ಎಲ್ಡನ್ ಟಿಲ್ಲರಿ. ಒಳ್ಳೆಯ ಮನುಷ್ಯ, ಬಿಳಿ ಕೈಗವಸು ಹಾಕಿಕೊಂಡು ಕಾರು ಮುಟ್ಟುವವನು. ಕಾರಿನ ಮುಂದೆ ಬಂದು ನಿಂತ, ಗಾಜಿನ ಮೂಲೆಯಲ್ಲಿ ಡ್ಯಾಶ್‌ಬೋರ್ಡಿಗೆ ಬಡಿದಿರುವ ಸಣ್ಣ ತಗಡಿನ ಪಟ್ಟಿಗೆ ಟಾರ್ಚು ಬಿಟ್ಟ. ಅಷ್ಟೇ. ಎಂಜಿನ್ ಮುಚ್ಚಳ ಎತ್ತುವ ಮೊದಲೇ ಅವನ ಮುಖ ಸಣ್ಣಗಾಯಿತು. ಆ ಪಟ್ಟಿಯ ಮೇಲಿನ ಒಂದೇ ಒಂದು ಅಂಕಿ ಹೇಳುವುದಂತೆ, ನಮ್ಮ ಈ ಶೆವೆಲ್ ಕಾರು ಕಾರ್ಖಾನೆಯಿಂದ ಹೊರಟಾಗ ಅದರೊಳಗೆ ಇದ್ದದ್ದು ಆರು ಸಿಲಿಂಡರಿನ ಬಡಪಾಯಿ ಎಂಜಿನ್. ಈಗಿರುವ ಎಂಟು ಸಿಲಿಂಡರಿನ ದೊಡ್ಡ ವಿ-8 ಆಮೇಲೆ ಯಾರೋ ಕೂರಿಸಿದ್ದು.

"ಕಾರು ಚೆನ್ನಾಗಿದೆ ಬೆರ್ನಿ. ಆದ್ರೆ ಇದು ಮಸಲ್ ಕಾರಲ್ಲ, ಮಸಲ್ ಕಾರಿನ ವೇಷ ಹಾಕಿರೋ ಕಾರು," ಎಂದ ಎಲ್ಡನ್.

ಅಣ್ಣಾ, ಆ ಪಟ್ಟಿ ನಮ್ಮ ಕಣ್ಣೆದುರೇ ಇತ್ತಲ್ಲ! ಚಿಕ್ಕಂದಿನಿಂದ ಆ ಗಾಜಿಗೆ ಮೂಗು ಒತ್ತಿ ಒಳಗೆ ಇಣುಕಿದವರು ನಾವು. ಎಂಜಿನ್ನಿನ ಒಂದೊಂದು ಬೋಲ್ಟು ಗೊತ್ತಿದ್ದ ನೀನು ಆ ಪಟ್ಟಿಯನ್ನು ಒಮ್ಮೆಯೂ ಓದಲಿಲ್ಲ. ಯಾಕೆ ಓದಬೇಕು? ಅಪ್ಪನ ಕಾರು ಅಸಲಿಯೇ ಎಂದು ನಮಗೆ ಗೊತ್ತಿತ್ತು. ಬಿಡಿಭಾಗಗಳ ಸಂತೆಯಲ್ಲಿ ಒಬ್ಬ ನನ್ನ ಪೆಚ್ಚು ಮುಖ ನೋಡಿ, ಬೇರೆ ಪಟ್ಟಿ ಹೊಂದಿಸಿ ಕೊಡಲೇ ಎಂದು ಕಿವಿಯಲ್ಲಿ ಕೇಳಿದ. ನಿನ್ನ ನೆನಪಾಗಿ ಒಂದು ಗಳಿಗೆ ಮನಸ್ಸು ಹೊಯ್ದಾಡಿತು. ಆದರೆ ಅಪ್ಪನ ಹೆಸರಿನ ಹಲಗೆಯ ಹಿಂದೆ ಕಳ್ಳ ಪಟ್ಟಿ ಇಡುವುದು ನನ್ನಿಂದ ಆಗಲಿಲ್ಲ.

ಅಂದಿನಿಂದ ನನಗೆ ಒಂದೇ ಹುಚ್ಚು. ಹಾಗಾದರೆ ಅಸಲಿ ಮಸಲ್ ಕಾರು ಎಂದರೇನು? ಕಂಡವರನ್ನೆಲ್ಲ ಕೇಳಿದೆ. ಎಲ್ಡನ್ ಹೇಳುವುದು ಇಷ್ಟು: ಮಧ್ಯಮ ಗಾತ್ರದ ಮೈ, ಎರಡೇ ಬಾಗಿಲು, ಮೂತಿಯಲ್ಲಿ ದೊಡ್ಡ ವಿ-8, ಮತ್ತು ಮೈಗೂ ಎಂಜಿನ್ನಿಗೂ ಈ ಮದುವೆ ಕಾರ್ಖಾನೆಯ ಛಾವಣಿಯ ಕೆಳಗೇ ಆಗಿರಬೇಕು. ಸಾಸೇಜು ಮಾರುವ ನಮ್ಮ ಸ್ಟಾಶೆಕ್ ಅದನ್ನು ಕೇಳಿ ನಕ್ಕ. "ದಿನಗೂಲಿಯವನ ಕೈಗೆ ಸಿಗೋ ಬೆಲೆ ಇತ್ತಲ್ಲ, ಅದೇ ಮಸಲ್ಲು. ಸಾಹುಕಾರ್ರು ಕೊಳ್ಳೋದಾದ್ರೆ ಅದಕ್ಕೆ ಬೇರೆ ಹೆಸರಿದೆ," ಎಂದು ಮತ್ತೆ ಚಾಕು ಮಸೆಯತೊಡಗಿದ. ಇಗರ್ಜಿಯಲ್ಲಿ ನನ್ನ ಪಕ್ಕ ಕೂರುವ ಹೆಂಗಸು, ಅದು ಶಬ್ದದಲ್ಲಿದೆ, ಕಿಟಕಿ ಗಾಜು ನಡುಗದಿದ್ದರೆ ಅದು ಕಾರೇ ಅಲ್ಲ ಎಂದಳು. ಎಲ್ಲರೂ ಸರಿ ಎನಿಸಿತು. ಆದರೆ ನಮ್ಮ ಮನೆಯ ಪ್ರಶ್ನೆ ಬೇರೆಯೇ ಇತ್ತು. ಅಪ್ಪ ಯಾಕೆ ಆರು ಸಿಲಿಂಡರಿನ ಕಾರು ಕೊಂಡ? ಕೊಂಡಮೇಲೆ ಯಾಕೆ ಹಿತ್ತಲಿನ ಗ್ಯಾರೇಜಿನಲ್ಲಿ ಅದರ ಹೊಟ್ಟೆ ಬಗೆದ?

ಆಗ ಹಳೆಯದೆಲ್ಲ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿತು. ಅಪ್ಪ ದುಡಿಯುತ್ತಿದ್ದ ಕಂಪನಿ ಒಂದು, ಈ ಕಾರು ಮಾಡಿದ ಕಂಪನಿ ಇನ್ನೊಂದು. ಎದುರಾಳಿಯ ಕಾರನ್ನು ಗೇಟಿನೊಳಗೆ ತಂದವನನ್ನು ಜೊತೆಯವರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದ ಕಾಲ ಅದು. ಅಪ್ಪ ಹಿಮ ಬೀಳುವಾಗಲೂ ಊಟದ ಡಬ್ಬಿ ಹಿಡಿದು ಕಾರ್ಖಾನೆಗೆ ನಡೆದೇ ಹೋದ. ಕಾರಿನ ಬಣ್ಣ ಹಾಳಾದೀತೆಂದು ಹಾಗೆ ಮಾಡುತ್ತಾನೆ ಎಂದು ನಾವು ಹೇಳಿಕೊಂಡು ತಿರುಗಿದೆವು. ಅಣ್ಣಾ, ಈ ಕಾರಿನ ಕಂಪನಿಗೆ ಸೀಟಿನ ಹೊದಿಕೆ ಹೊಲಿಯುತ್ತಿದ್ದವಳು ಯಾರು? ಕೆಲಸಗಾರರಿಗೆಂದು ಕಡಿಮೆ ಬೆಲೆಗೆ ಕಾರು ಸಿಗುತ್ತಿದ್ದದ್ದು ಯಾರಿಗೆ? ಅಮ್ಮನಿಗಲ್ಲವೇ?

ಈಗ ಆ ಮರದ ತುಂಡಿನ ವಿಷಯಕ್ಕೆ ಬರುತ್ತೇನೆ. ಕ್ಲಚ್ ಪೆಡಲಿಗೆ ಅಪ್ಪ ಬೋಲ್ಟು ಹಾಕಿ ಬಿಗಿದ ಓಕ್ ಮರದ ದಪ್ಪ ತುಂಡು. ಪರೀಕ್ಷೆಗೆ ಮೊದಲು ಅದನ್ನು ಕಿತ್ತು ಬಿಸಾಡು, ನೋಡಿದವರು ನಗುತ್ತಾರೆ ಎಂದು ನೀನು ಹೇಳಿದ್ದೆ. ಕುಳ್ಳಿ ಅಮ್ಮ ಭಾನುವಾರ ಇಗರ್ಜಿಗೆ ಓಡಿಸಲೆಂದು ಹಾಕಿದ್ದು ಎಂದು ನಾವಿಬ್ಬರೂ ನಂಬಿದ್ದೆವು. ಆಗ ಮರೆತಿದ್ದೆ; ಪರೀಕ್ಷೆ ಮುಗಿದಮೇಲೆ ಕೀಳಲೆಂದು ಸ್ಪ್ಯಾನರ್ ಹಿಡಿದು ಬಗ್ಗಿದವಳು ಹಾಗೇ ನಿಂತೆ. ಆ ಗಟ್ಟಿ ಮರ ನಡುವೆ ಸವೆದು ಹಳ್ಳಬಿದ್ದಿದೆ, ಸಣ್ಣ ಪಾದದ ಅಗಲಕ್ಕೆ ಸರಿಯಾಗಿ. ಭಾನುವಾರ ಮೂರು ಬೀದಿ ಆಚೆಯ ಇಗರ್ಜಿಗೆ ಹೋಗಿಬಂದರೆ ಓಕ್ ಮರ ಹೀಗೆ ಸವೆಯುತ್ತದೆಯೇ?

ಕೀಳದೆ ಬಿಟ್ಟೆ. ಮುಂದಿನ ಶನಿವಾರ ಮಧ್ಯಾಹ್ನ ಕಾರನ್ನು ಟ್ರೇಲರಿನ ಮೇಲೆ ಹೇರಿಸಿಕೊಂಡು ವುಡ್‌ವರ್ಡ್ ರಸ್ತೆಗೆ ಹೋದೆ. ಹೌದು, ಹೇರಿಸಿಕೊಂಡೇ. ಈ ಕಾರಿನ ಪೆಡಲಿಗೆ ನನ್ನ ಕಾಲು ಎಟುಕುವುದಿಲ್ಲ ಎಂದು ನೀನು ನನ್ನನ್ನು ಎಂದೂ ಸ್ಟೀರಿಂಗ್ ಮುಂದೆ ಕೂರಿಸಲಿಲ್ಲ, ನಾನೂ ಹೌದೇನೋ ಎಂದುಕೊಂಡಿದ್ದೆ. ಅಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಹಳಬರು ಸಾಲಾಗಿ ಕೂತಿರುತ್ತಾರಲ್ಲ, ಅವರಲ್ಲಿ ಅರ್ಥೆಲ್ ಬ್ಯಾಂಕ್ಸ್ ಎಂಬ ಮುದುಕ ಎದ್ದು ಬಂದ. ಹರೆಯದಲ್ಲಿ ಅದೇ ರಸ್ತೆಯಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದವನಂತೆ. ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ, ಬಾಗಿಲು ತೆಗೆಯಬಹುದೇ ಎಂದು ಕೇಳಿದ, ಬಗ್ಗಿ ಪೆಡಲು ನೋಡಿದ. ಆಮೇಲೆ ಕಾರಿಗೆ ಕೈಯೂರಿಕೊಂಡು ನಗತೊಡಗಿದ.

"ಆ ಮರದ ತುಂಡು ಇನ್ನೂ ಇದ್ಯಲ್ಲಮ್ಮಾ! ತಲೆಗೆ ಹೂವಿನ ವಸ್ತ್ರ ಕಟ್ಕೊಂಡು ಬರ್ತಿದ್ದ ಆ ಹೆಂಗಸು ನಿಮಗೇನಾಗ್ಬೇಕು?"

ತಾಯಿ ಎಂದೆ, ಅಷ್ಟೇ. ಹೆಸರು ಅವರಿಗೆ ಯಾರಿಗೂ ಗೊತ್ತಿರಲಿಲ್ಲವಂತೆ. ಹ್ಯಾಂಬರ್ಗರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬಾಗಿಲು ತೆಗೆದಾಗ ಆ ಮರ ನೋಡಿ ಎಲ್ಲರೂ ತಮಾಷೆ ಮಾಡುತ್ತಿದ್ದರಂತೆ. "ಪಕ್ಕದಲ್ಲಿ ಕಾರ್ ನಿಲ್ಸಿ, ಅಡುಗೆ ಆಯ್ತಾ ಅಂತ ಕೇಳೋರು. ಆಯಮ್ಮ ಉತ್ರ ಕೊಡ್ತಿರ್ಲಿಲ್ಲ. ದೀಪ ಹಸಿರಾಗೋದು, ಇವರು ಗೇರ್ ಹಾಕೋಷ್ಟ್ರಲ್ಲಿ ಆಯಮ್ಮನ ಹಿಂದಿನ ದೀಪ ಕಾಣ್ತಿತ್ತು. ನನಗೂ ಕಂಡಿದೆ, ಸುಳ್ಳು ಯಾಕೆ ಹೇಳ್ಲಿ," ಎಂದ ಅರ್ಥೆಲ್. ಯಾವ ದಿನ ಬರುತ್ತಿದ್ದಳು ಎಂದು ಕೇಳಿದೆ. ಶುಕ್ರವಾರ ಸಂಜೆ ಎಂದ.

ಶುಕ್ರವಾರ ಸಂಜೆ, ಅಣ್ಣಾ! ಇಗರ್ಜಿಯ ಜಪಮಾಲೆ ಸಂಘದಲ್ಲಿ ಅಮ್ಮನ ಹಾಡಿನ ಅಭ್ಯಾಸ! ಅಮ್ಮ ಹೂವಿನ ವಸ್ತ್ರ ಕಟ್ಟಿಕೊಂಡು, ಮಹಡಿಯ ಮೇಲಿನ ಅಜ್ಜಿಗೆ ಕೇಳುವಂತೆ ಹಾಡಿಗೆ ಹೋಗಿಬರುತ್ತೇನೆ ಎಂದು ಕೂಗಿ, ನಮ್ಮಿಬ್ಬರ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗೀಚಿ ಹೊರಡುತ್ತಿದ್ದಳು. ಅಪ್ಪ ಏಪ್ರನ್ ಕಟ್ಟಿ ನಮಗೆ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೇಯಿಸುತ್ತಿದ್ದ, ಆಗಾಗ ಕಿಟಕಿಯ ಪರದೆ ಸರಿಸಿ ಬೀದಿ ನೋಡುತ್ತಿದ್ದ. ಅಮ್ಮ ಕೆಂಪು ಕೆನ್ನೆ ಹೊತ್ತು ಬರುತ್ತಿದ್ದಳು, ಅವಳ ಕೂದಲಲ್ಲಿ ಸುಟ್ಟ ರಬ್ಬರಿನ ವಾಸನೆ. ಅದು ಇಗರ್ಜಿಯ ಧೂಪದ ವಾಸನೆ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ.

ಇನ್ನೊಂದು ನೆನಪಿಸಿಕೋ. ಈ ಕಾರು ವುಡ್‌ವರ್ಡ್‌ನಲ್ಲಿ ಯಾರಿಗೂ ಬಗ್ಗಿದ್ದಿಲ್ಲವಂತೆ ಎಂದು ನೆರೆಯವರು ಅಂದಾಗ ಅಪ್ಪ ಏನು ಹೇಳುತ್ತಿದ್ದ? ಮೀಸೆಯೊಳಗೆ ನಕ್ಕು ತಲೆದೂಗುತ್ತಿದ್ದ. ನಾನು ಗೆದ್ದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಆ 'ನಾನು' ಸೇರಿಸಿದವರು ನಾವು, ಅದರಲ್ಲೂ ನೀನು. ಅಪ್ಪ ಕಾರ್ಖಾನೆಯಲ್ಲಿ ಯಾರಿಗೂ ಬೇಡವಾಗಿ, ಕೆಲಸ ಕಳೆದುಕೊಂಡು ಮನೆಗೆ ಬಂದಮೇಲೆ, ಅವನಿಗೆ ಉಳಿದ ದೊಡ್ಡಸ್ತಿಕೆ ಇದೊಂದೇ ಎಂದು ನೀನು ನಂಬಿದೆ. ಅದಕ್ಕೇ ಆ ಹಲಗೆಗಾಗಿ ಹಟ ಹಿಡಿದೆ ಎಂದು ನನಗೆ ಈಗ ಅರ್ಥವಾಗುತ್ತದೆ, ಮತ್ತು ನಿನ್ನ ಮೇಲೆ ತುಂಬ ಪ್ರೀತಿ ಬರುತ್ತದೆ.

ಹೊರಡುವ ಮೊದಲು ಅರ್ಥೆಲ್‌ನನ್ನೂ ನನ್ನ ಪ್ರಶ್ನೆ ಕೇಳದೆ ಬಿಡಲಿಲ್ಲ. ಎಲ್ಡನ್ ಹೇಳಿದ್ದನ್ನೂ ತಿಳಿಸಿದೆ. ಅವನು ಅದನ್ನು ತಳ್ಳಿಹಾಕಲಿಲ್ಲ. ಸಂಘಕ್ಕೆ ಲೆಕ್ಕ ಬೇಕು, ಇರಲಿ ಎಂದ. ಆಮೇಲೆ ಕುರ್ಚಿಯಲ್ಲಿ ಕೂತು ರಸ್ತೆಯ ಕಡೆ ಕೈ ತೋರಿಸಿದ.

"ನಾವೆಲ್ಲ ವಾರಪೂರ್ತಿ ಒಂದೇ ಬೋಲ್ಟು ತಿರುಗಿಸ್ದೋರು. ಇಂಥೋರಿಗೆ ಇಷ್ಟೇ ಸಾಕು ಅಂತ ಯಾರೋ ಅಳತೆ ಮಾಡಿ ಇಟ್ಟಿರ್ತಾರಲ್ಲ, ಅದಕ್ಕಿಂತ ಜಾಸ್ತಿ ಎಂಜಿನ್ನು ಬಡವರ ಕಾರಲ್ಲಿ ಕೂತಿರ್ಬೇಕು. ಅದೇ ಮಸಲ್ಲು. ಯಾರು ಕೂರ್ಸಿದ್ರು ಅಂತ ರಸ್ತೆ ಕೇಳಲ್ಲಮ್ಮ."

ಇದಕ್ಕಿಂತ ಸರಿಯಾದ ಉತ್ತರ ನನಗೆ ಬೇರೆಲ್ಲೂ ಸಿಗಲಿಲ್ಲ. ಅಮ್ಮನಿಗೆ ಎಟುಕಿದ್ದು ಆರು ಸಿಲಿಂಡರು. ಉಳಿದದ್ದನ್ನು ಅಪ್ಪ ತನ್ನ ಕೈಯಾರೆ ಸೇರಿಸಿದ, ಅವಳ ಕಾಲು ಕುಳ್ಳಗಿದ್ದಲ್ಲಿ ಮರವನ್ನೂ ಸೇರಿಸಿದ. ಆದರೆ ಇನ್ನೂ ಎಷ್ಟೊಂದು ಗೊತ್ತಿಲ್ಲ! ಅವಳೇ ಕೇಳಿದಳೋ, ಅವನೇ ಮಾಡಿಕೊಟ್ಟನೋ? ಯಾಕೆ ನಿಲ್ಲಿಸಿದಳು? ಪೆಟ್ರೋಲಿಗೆ ಸಾಲು ಹಚ್ಚಿದ ವರ್ಷಗಳಲ್ಲೋ, ಅಜ್ಜಿಗೆ ಗೊತ್ತಾಯಿತೋ? ನಿನ್ನ ಕೋಣೆ ಗ್ಯಾರೇಜಿನ ಕಡೆಗಿತ್ತು, ನೀನು ನನಗಿಂತ ದೊಡ್ಡವನು. ಏನೂ ಕೇಳಿಸಿಕೊಳ್ಳಲಿಲ್ಲವೇ? ನೀನು ಬಂದು ಎದುರು ಕೂತು ನೆನಪು ಕೆದಕದಿದ್ದರೆ ನನಗೆ ಇದು ಎಂದೂ ತಿಳಿಯುವುದಿಲ್ಲ.

ಮಾಲೀಕರೇ ಕೈಯಾರೆ ತಿದ್ದಿದ ಕಾರುಗಳ ಸಾಲಿನಲ್ಲಿ ನಮಗೆ ಜಾಗ ಕೇಳಿ ಪಡೆದಿದ್ದೇನೆ. ಎಲ್ಡನ್ ತಾನಾಗಿ ಮರದ ನೆರಳಿರುವ ಜಾಗ ಕೊಡಿಸಿದ. ಹಲಗೆಯೂ ಸಿದ್ಧವಾಗಿದೆ: 'ಕಟ್ಟಿದವರು ಬ್ರೋನಿಸ್ಲಾವ್ ಗ್ರಾಬೊವ್‌ಸ್ಕಿ, ಓಡಿಸಿದವರು ಚೆಸ್ಲಾವಾ ಗ್ರಾಬೊವ್‌ಸ್ಕಿ.' ನೀನು ಹಾಕಿದ ಷರತ್ತು ಮುರಿದಿದೆ, ನಿಜ. ಆದರೂ ಬಾ ಅಣ್ಣಾ. ಅಪ್ಪನ ಹೆಸರು ಅಲ್ಲಿ ಇದೆ, ಒಬ್ಬಂಟಿಯಾಗಿಲ್ಲ.

ನಿನ್ನೆ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದು ಸೀಟಿನಲ್ಲಿ ಕೂತೆ. ಎಡಗಾಲನ್ನು ಆ ಸವೆದ ಹಳ್ಳದಲ್ಲಿಟ್ಟೆ. ನನ್ನದು ಅಮ್ಮನ ಪಾದ ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಸರಿಯಾಗಿ ಕೂತಿತು. ಒತ್ತಿದೆ. ಕ್ಲಚ್ಚು ತಳದವರೆಗೆ ಹೋಯಿತು. ನಾನು ಅಲ್ಲೇ ಕೂತು ಅತ್ತೆ, ಆಮೇಲೆ ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಹೋಗಿ ಬಂದೆ. ಸ್ಟಾಶೆಕ್ ಅಂಗಡಿಯ ಗಾಜು ನಡುಗಿತು.

ಸೀಟನ್ನು ಮುಂದಕ್ಕೆ ಎಳೆದು ಬಿಗಿದಿದ್ದೇನೆ, ಇನ್ನು ಹಿಂದೆ ಸರಿಸುವುದಿಲ್ಲ. ಅಲ್ಲಿ ನಿನ್ನ ಮೊಣಕಾಲು ಹಿಡಿಸುವುದಿಲ್ಲ. ವಿಮಾನದ ವೇಳೆ ಮಾತ್ರ ತಿಳಿಸು, ನಿಲ್ದಾಣಕ್ಕೆ ನಾನೇ ಓಡಿಸಿಕೊಂಡು ಬರುತ್ತೇನೆ. ನೀನು ಪಕ್ಕದ ಸೀಟಿನಲ್ಲಿ ಕೂತರೆ ಸಾಕು.

ಅಮ್ಮ ಶುಕ್ರವಾರ ಸಂಜೆ ಹೊರಡುವ ಮುನ್ನ ಇಡುತ್ತಿದ್ದ ಶಿಲುಬೆಯನ್ನೇ ಇಲ್ಲಿಂದ ನಿನ್ನ ಹಣೆಗೆ ಇಡುತ್ತಿದ್ದೇನೆ. ದೇವರು ನಿನ್ನ ಎದೆಯನ್ನು ಗಟ್ಟಿಯಾಗಿಡಲಿ.

ದಾರಿ ಕಾಯುತ್ತಿರುವ ನಿನ್ನ ಕುಳ್ಳಿ ತಂಗಿ,
ಬೆರ್ನಿ