ಚಿಕ್ಕವಳು ಬದುಕಿದ್ದಾಳೆ

ಹತ್ತನೇ ಮೈಲಿ, ಕಾಲಿಂಪೊಂಗ್
ಏಪ್ರಿಲ್ ೧೧, ಬೆಳಗ್ಗೆ ಒಂಬತ್ತೂವರೆ

ಹರ್ಕ ಕಾಕಾ, ನಮಸ್ಕಾರ.

ಇಲ್ಲ ಕಾಕಾ, ನೀವು ಹೇಳಿದ್ದು ತಪ್ಪು. "ಎರಡು ನಿಮಿಷ ಕೂತಲ್ಲಿ ಕೂರೋಕಾಗಲ್ಲ, ಇವನು ಕಳ್ಳಿ ಬೆಳೆಸ್ತಾನಂತೆ!" ಅಂತ ಪೇಟೆಯಲ್ಲಿ ಎಲ್ಲರೆದುರು ಅಂದಿರಲ್ಲ, ನಾನು ಹದಿನಾಲ್ಕು ತಿಂಗಳು ಕೂತಿದ್ದೇನೆ. ಒಂದೇ ಕುಂಡದ ಮುಂದೆ. ಈ ನಡುವೆ ಜೀಪು ಓಡಿಸೋದು ಬಿಟ್ಟೆ, ಮೊಬೈಲ್ ಅಂಗಡಿ ಬಿಟ್ಟೆ, ಮೊಮೊ ಅಂಗಡಿಯನ್ನೂ ಬಿಟ್ಟೆ. ಕುಂಡ ಬಿಟ್ಟಿಲ್ಲ.

ನನ್ನ ಮುಖ ಕಂಡರೆ ನೀವು ಗೇಟು ಹಾಕುತ್ತೀರಿ, ಅದಕ್ಕೇ ಗೇಟಿನ ಸಂದಿಯಿಂದ ತೂರಿಸುವ ಈ ಕಾಗದ. ಮೊದಲು ಓದಿ, ಆಮೇಲೆ ಬೈಯಿರಿ.

ಚಿಕ್ಕವಳು ಬದುಕಿದ್ದಾಳೆ!

ಹೋದ ವರ್ಷ ಫೆಬ್ರವರಿಯಲ್ಲಿ ಗಾಜು ಸೋರಿ, ನಿಮ್ಮ ಗಾಜಿನ ಮನೆಯಲ್ಲಿ ಒಂದು ಸಾಲು ಕುಂಡ ಪೂರ್ತಿ ಕೊಳೆಯಿತಲ್ಲ. ನಿಮ್ಮ ಎರಡು ನಕ್ಷತ್ರ ಕಳ್ಳಿಗಳಲ್ಲಿ ದೊಡ್ಡವಳು ಉಳಿದಳು, ಚಿಕ್ಕವಳ ಬುಡ ಕೆಂಪಗೆ ಲೊಳಲೊಳ ಆಗಿತ್ತು. "ಸೋರೋದೂ ಕಾಣಲಿಲ್ವೇನೋ ನಿನ್ನ ಕಣ್ಣಿಗೆ?" ಅಂತ ನೀವು ಅವಳನ್ನು ಗೊಬ್ಬರದ ಗುಂಡಿಗೆ ಎಸೆದು, ನನ್ನನ್ನು ಗೇಟಿನಾಚೆ ಕಳಿಸಿದಿರಿ. ಹೋಗುವಾಗ ಅವಳನ್ನು ಜೇಬಿಗೆ ಹಾಕಿಕೊಂಡೆ. ಮುಳ್ಳಿಲ್ಲದ ಜಾತಿ, ಬಚಾವಾದೆ.

ಮನೆಗೆ ಬಂದು ಬ್ಲೇಡಿನಲ್ಲಿ ತೆಳ್ಳಗೆ ಕೊಯ್ಯುತ್ತಾ ಹೋದೆ. ಕೆಂಪು, ಇನ್ನೂ ಕೆಂಪು. ಕೊನೆಗೆ ಎಂಟಾಣೆಯಷ್ಟಗಲ ಬಿಳಿ ತಿರುಳು ಸಿಕ್ಕಿತು. ಅದನ್ನು ಮೂರು ಮೂಲೆಯ ಕಳ್ಳಿ ತುಂಡಿನ ಮೇಲೆ ಕೂರಿಸಿ, ಎರಡರ ತಿರುಳಿನ ನಡುವಿನ ಉಂಗುರಕ್ಕೆ ಉಂಗುರ ತಾಗಿಸಿ, ನನ್ನ ಆಮಾಳ ಜಡೆಯ ರಬ್ಬರು ಬಿಗಿದು ಕಸಿ ಕಟ್ಟಿದೆ. ಚಳಿಯೆಂದು ಒಲೆ ಪಕ್ಕ ಇಟ್ಟೆ. "ಮದುವೇನೇ ಆಗಿಲ್ಲ, ಬಾಣಂತನ ಮಾಡ್ತಿದಾನೆ ನೋಡಿ!" ಅಂತ ಹೆತ್ತ ಆಮಾನೇ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಈಗ ಅವಳು ನನ್ನ ಮುಷ್ಟಿಯಷ್ಟಿದ್ದಾಳೆ. ನೆತ್ತಿಯಲ್ಲಿ ಮೊಗ್ಗು! ನಿನ್ನೆ ತುದಿ ಹಳದಿಯಾಯಿತು. ಇವತ್ತು ಬಿಸಿಲೇರಿದರೆ ಅರಳುತ್ತಾಳೆ, ನಾಲ್ಕು ಗಂಟೆಗೆ ಮುಚ್ಚಿಕೊಳ್ಳುತ್ತಾಳೆ. ನಿನ್ನೆ ಸಂತೆಯಲ್ಲಿ ನಿಮ್ಮ ಮಗಳು ಸುಮ್ನಿಮಾ ಸಿಕ್ಕಿ, "ಅಪ್ಪನ ದೊಡ್ಡವಳೂ ನಾಳೆ ಅರಳೋ ಹಾಗಿದಾಳೆ" ಅಂದಳು. ನಾನು ಟೊಮೆಟೊ ಚೀಲ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಚೀಲ ಇನ್ನೂ ಸಿಕ್ಕಿಲ್ಲ.

ನೀವೇ ಕಲಿಸಿದ್ದು ಕಾಕಾ, ಈ ಜಾತಿಗೆ ತನ್ನ ಪರಾಗ ತನಗೇ ಆಗದು, ಇನ್ನೊಂದು ಗಿಡದ್ದೇ ಬೇಕು. ನಾನು ನಿಮ್ಮಲ್ಲಿ ಕೆಲಸಕ್ಕಿದ್ದ ಮೂರು ವರ್ಷವೂ ಒಬ್ಬಳು ಸೋಮವಾರ ಅರಳಿದರೆ ಇನ್ನೊಬ್ಬಳು ಗುರುವಾರ. ನೀವು ಕುಂಚ ಹಿಡಿದು ಕಾದದ್ದೇ ಬಂತು, ಒಂದು ಬೀಜವೂ ಆಗಲಿಲ್ಲ. ಇವತ್ತು ಇಬ್ಬರೂ ಒಟ್ಟಿಗೆ! ಜೋಡಿಯಿಲ್ಲದ ಗಿಡ ಯಾಕೆ ಅಂತ ದೊಡ್ಡವಳನ್ನು ಭಾನುವಾರ ಸಿಲಿಗುರಿಯವರಿಗೆ ಕೊಡುತ್ತೀರಂತೆ. ಕೊಡಬೇಡಿ. ಜೋಡಿ ಬರುತ್ತಿದ್ದಾಳೆ.

ಬೇಕಾದರೆ ನನ್ನನ್ನು ಒಳಗೆ ಬಿಡಬೇಡಿ, ಕುಂಡವನ್ನು ಬಿಡಿ. ಕುಂಚ ನೀವೇ ಹಿಡಿಯಿರಿ.

ನಿಮ್ಮ ಕಾಂಛಾ, ನಿಮ್ಮ ಕಿರಿ ಹುಡುಗ,
ಫುರ್ಬಾ

ತಾ.ಕ.: ಮೊನ್ನೆಯೂ ಏಣಿ ಹಾಕಿ ಗಾಜಿನ ಸೋರಿಕೆ ಮುಚ್ಚಲು ಪುಟ್ಟಿ ಮೆತ್ತುತ್ತಿದ್ದಿರಂತೆ. ಈ ವಯಸ್ಸಲ್ಲಿ ಹತ್ತಬೇಡಿ ಕಾಕಾ. ಅಲ್ಲಿ ತೂತೇ ಇಲ್ಲ. ಚಳಿಗಾಲದಲ್ಲಿ ಕಳ್ಳಿಗಳು ಮಲಗಿರುತ್ತವೆ, ನೀರು ಮುಟ್ಟಿಸಬೇಡ ಅಂತ ನೀವು ಹೇಳಿದ್ದಿರಿ. ಸುಕ್ಕುಗಟ್ಟಿ ಕೂತಿದ್ದನ್ನು ನೋಡೋಕಾಗದೆ ನಾನೇ ಆ ಸಾಲಿಗೆಲ್ಲ ಒಂದೊಂದು ಲೋಟ ನೀರು ಹಾಕಿದೆ. ನೀವು ಸೋರಿಕೆ ಅಂದಿರಿ, ನಾನು ಹೂಂ ಅಂದೆ. ಇದನ್ನು ಬರೆಯದೇ ಹೊರಡೋಣ ಅಂತ ಎರಡು ಸಲ ಅಂಗಳದವರೆಗೆ ಹೋಗಿ ವಾಪಸ್ ಬಂದೆ. ಈಗ ಮಂಜು ಸರಿದಿದೆ, ಮೊದಲ ಎಸಳು ಬಿಚ್ಚಿಕೊಳ್ಳುತ್ತಿದೆ. ಕುಂಡ ಎತ್ತಿಕೊಳ್ಳುತ್ತೇನೆ. ಬಾಗಿಲು ಎಳೆದುಕೊಂಡು ಹೊರಡುತ್ತೇನೆ.